ಅಂಚೆಯವನು ಕಾಗದ ಓದಬೇಕೆ?

ಹೋದ ಚೈತ್ರದಲ್ಲಿ ಅಣ್ಣನ ಮಗ ಬೆಂಗಳೂರಿನಿಂದ ಫೋನು ಮಾಡಿ, "ಅತ್ತೆ, ಅಜ್ಜ ನಿನ್ನ ಹತ್ತಿರ ಬರೆಸಿದ್ದ ಪ್ರಯೋಗದ ಪುಸ್ತಕ ಇದೆಯಾ? ಪುಟ್ಟನ ಉಪನಯನಕ್ಕೆ ಬೇಕಿತ್ತು" ಅಂದ. ಇದೆ ಅಂದೆ. ಇದ್ದದ್ದೂ ಹೌದು. ಬೀರುವಿನಲ್ಲಿ, ಲಗ್ನಪತ್ರಿಕೆ ಸ್ಯಾಂಪಲ್ಲುಗಳ ಆಲ್ಬಮ್ಮಿನ ಅಡಿಗೆ, ಒಂದು ಸಿಡಿಯಲ್ಲಿ. ಅದರ ಮೇಲೆ ‘ಅಪ್ಪಯ್ಯ 2003’ ಎಂದು ಮಾರ್ಕರಿನಲ್ಲಿ ಬರೆದದ್ದು ಕೂಡ ಮಾಸಿರಲಿಲ್ಲ. ಈಗಿನ ಕಂಪ್ಯೂಟರುಗಳಿಗೆ ಸಿಡಿ ನುಂಗುವ ಬಾಯಿ ಇಲ್ಲವಾದ್ದರಿಂದ ಪಕ್ಕದ ಸ್ಟುಡಿಯೋದವನ ಹಳೇ ಡ್ರೈವು ಕೇಳಿ ತಂದು ಸಿಕ್ಕಿಸಿದೆ. ಫೈಲು ತೆರೆದುಕೊಂಡಿತು. ನೂರಾ ನಲವತ್ತು ಪುಟ. ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ.

ಶಿವಮೊಗ್ಗದಲ್ಲಿ ಡಿಟಿಪಿ ಅಂಗಡಿ ಇಟ್ಟು ಇಪ್ಪತ್ತೈದು ವರ್ಷದ ಮೇಲಾಯಿತು. ಇಂಥ ಫೈಲು ನಾನು ಕಾಣದ್ದಲ್ಲ. ಆದರೆ ಅದು ಯಾವತ್ತೂ ಬೇರೆಯವರ ಫೈಲಾಗಿರುತ್ತಿತ್ತು. ಮೊದಲ ಸಾಲಿನಲ್ಲಿ ‘ಅಪ್ಪ’ ಇರಬೇಕಾದ ಜಾಗ ನೋಡಿದೆ. ಇಂಗ್ಲಿಷಿನ ದೊಡ್ಡ ಸಿ ಅಕ್ಷರ, ಅದರ ಪಕ್ಕ ಜಪಾನಿನ ಯೆನ್ ದುಡ್ಡಿನ ಗುರುತು, ಆಮೇಲೆ ತಲೆಯ ಮೇಲೆ ಓರೆ ಗೀಟಿರುವ ದೊಡ್ಡ ಎ, ಕೊನೆಗೆ ಅದೇ ಗೀಟಿನ ಚಿಕ್ಕ ಎ. ಆ ಕಾಲದ ಫಾಂಟಿನಲ್ಲಿ ಸಿ ಎಂದರೆ ಅ. ಯೆನ್ ಎಂದರೆ ತಲೆಕಟ್ಟಿಲ್ಲದ ಬೋಳು ಪ. ಗೀಟಿನ ದೊಡ್ಡ ಎ ಅದರ ತಲೆಕಟ್ಟು, ಚಿಕ್ಕದು ಪ ಒತ್ತು. ನ ಬಂದಲ್ಲೆಲ್ಲ ಬ್ರಿಟನ್ನಿನ ಪೌಂಡು. ಅಪ್ಪಯ್ಯ ಜೀವಮಾನದಲ್ಲಿ ಆಗುಂಬೆ ಘಾಟಿ ಇಳಿದು ಹೊರಗೆ ಹೋದದ್ದು ನಾಲ್ಕೋ ಐದೋ ಸಲ. ಅವರ ಪುಸ್ತಕದ ತುಂಬ ಪರದೇಶದ ದುಡ್ಡು ಚೆಲ್ಲಿತ್ತು.

ಒಳಗಿದ್ದದ್ದೇನೂ ಕೆಟ್ಟಿರಲಿಲ್ಲ. ನಾನು ಒತ್ತಿದ ಕೀಲಿಗಳೆಲ್ಲ ಒತ್ತಿದ ಹಾಗೇ ಇದ್ದವು. ಇಲ್ಲವಾದದ್ದು ಫಾಂಟು, ಅಂದರೆ ‘ಯೆನ್ ಕಂಡಲ್ಲಿ ಪ ಬರೆ’ ಎಂಬ ಒಪ್ಪಂದ. ಆಗಿನ ಕನ್ನಡ ಫಾಂಟುಗಳು ಒಂದು ಉಪಾಯ ಹೂಡಿದ್ದವು: ಕಂಪ್ಯೂಟರಿಗೆ ಇಂಗ್ಲಿಷೇ ಎಂದು ಹೇಳಿ ನಂಬಿಸುವುದು, ಪರದೆಯ ಮೇಲೆ ಮಾತ್ರ ಕನ್ನಡದ ವೇಷ ತೊಡಿಸುವುದು. ಅಕ್ಷರದ ತುಂಡುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಗುಡಿಸು, ಒತ್ತುಗಳನ್ನು, ಒಂದೊಂದು ಮನೆಯಲ್ಲಿ ಕೂರಿಸಿದ್ದರು. ಕಂಪ್ಯೂಟರು ಉಳಿಸಿಕೊಂಡದ್ದು ಅಕ್ಷರದ ಆಕಾರವನ್ನು. ಅಕ್ಷರ ಯಾವುದೆಂದು ಅದಕ್ಕೆ ತಿಳಿಯದು.

ಯೂನಿಕೋಡ್ ಬಂದ ಮೇಲೆ ಲೆಕ್ಕ ಬೇರೆಯಾಯಿತು. ಈಗ ‘ಅಪ್ಪ’ ಎಂದರೆ 3205, 3242, 3277, 3242. ಅ, ಪ, ಹಲಂತದ ಗುರುತು, ಮತ್ತೊಂದು ಪ. ಒತ್ತಕ್ಷರ ಎಂಬುದು ಸಂಖ್ಯೆಯಲ್ಲಿ ಇಲ್ಲವೇ ಇಲ್ಲ. ಅದು ಬರೆಯುವಾಗ ಮೂಡುವ ರೂಪ. ಈ ವ್ಯತ್ಯಾಸ ಚೆನ್ನಾಗಿ ಕಾಣುವುದು ಅರ್ಕಾವತ್ತಿನಲ್ಲಿ. ‘ಧರ್ಮ’ ಬರೆಯುವಾಗ ಕಣ್ಣಿಗೆ ಮೊದಲು ಮ, ಆಮೇಲೆ ಅರ್ಕಾವತ್ತು. ಹಳೇ ಫಾಂಟು ಕಣ್ಣನ್ನು ನಂಬಿ ಮ ಮೊದಲು, ಅರ್ಕಾವತ್ತು ನಂತರ ಎಂದಿಟ್ಟಿತ್ತು. ಯೂನಿಕೋಡ್ ನಾಲಿಗೆಯನ್ನು ನಂಬಿ ರ ಮೊದಲು, ಮ ಆಮೇಲೆ ಎನ್ನುತ್ತದೆ. ಹಳೇ ಫೈಲನ್ನು ಹೊಸದಕ್ಕೆ ಪರಿವರ್ತಿಸುವ ತಂತ್ರಾಂಶ ಎಡವುವುದು ಇಂಥ ಕಡೆಯೇ. ಕಣ್ಣಿನ ಸಾಕ್ಷಿ, ನಾಲಿಗೆಯ ಸಾಕ್ಷಿ ಎರಡೂ ಒಂದೇ ಆಗಿರಬೇಕಿಲ್ಲವಲ್ಲ.

ಯೂನಿಕೋಡಿನವರೂ ತಪ್ಪಿಲ್ಲದವರಲ್ಲ. ಹಳಗನ್ನಡದ ೞ ಅಕ್ಷರಕ್ಕೆ ಅವರ ಪಟ್ಟಿಯಲ್ಲಿ ಬಿದ್ದ ಹೆಸರು ‘ಫ’. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಅವರ ವ್ರತ. ಪಕ್ಕದಲ್ಲೊಂದು ಸರಿಯಾದ ಅಡ್ಡಹೆಸರು ಬರೆದು ಸುಮ್ಮನಾಗಿದ್ದಾರೆ. ಹಾಗಂತ ೞ ಕೆಟ್ಟುಹೋಗಿಲ್ಲ. 3294 ಅಂದರೆ ೞ ಮೂಡುತ್ತದೆ. ತಪ್ಪು ಹೆಸರಿಟ್ಟ ಮಗು ಕರೆದರೆ ಓಡಿ ಬಂದ ಹಾಗೆ.

ಪ್ರಯೋಗದ ಪುಸ್ತಕ ಟೈಪು ಮಾಡಿದ್ದು ಮಳೆಗಾಲದ ಸಂಜೆಗಳಲ್ಲಿ. ಅಪ್ಪಯ್ಯನ ಕೈಬರಹದ ನೋಟುಬುಕ್ಕಿಗೆ ಗೆದ್ದಲು ಹಿಡಿದಿತ್ತು. ಯಾವ ಕರ್ಮಕ್ಕೆ ಯಾವ ಮಂತ್ರ, ನಮ್ಮ ಸೀಮೆಯ ರೂಢಿ ಏನು, ಎಲ್ಲಿ ಅಕ್ಷತೆ, ಎಲ್ಲಿ ನೀರು ಎಂದು ಅವರೇ ಬರೆದುಕೊಂಡದ್ದು. ಅವರು ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಅವರದು ಕೃಷ್ಣಯಜುರ್ವೇದದ ತೈತ್ತಿರೀಯ ಶಾಖೆ. ಸ್ವರದ ಗುರುತಿಲ್ಲದೆ ಮಂತ್ರ ಬರೆಯಲು ಅವರು ಒಪ್ಪಲಿಲ್ಲ: ಅನುದಾತ್ತಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ, ಸ್ವರಿತಕ್ಕೆ ಮೇಲೆ ನಿಂತ ಗೆರೆ, ದೀರ್ಘಸ್ವರಿತಕ್ಕೆ ಅಂಥವೆರಡು, ಉದಾತ್ತಕ್ಕೆ ಏನೂ ಇಲ್ಲ. ನನ್ನ ಫಾಂಟಿನಲ್ಲಿ ಈ ಗೆರೆಗಳೇ ಇರಲಿಲ್ಲ. ಅದಕ್ಕೆ ನಾನೊಂದು ಸಂಕೇತ ಕಟ್ಟಿಕೊಂಡೆ. ಅಕ್ಷರದ ಹಿಂದೆ ಇಂಥ ಗುರುತು ಬಂದರೆ ಅನುದಾತ್ತ, ಇಂಥದು ಬಂದರೆ ಸ್ವರಿತ ಎಂದು. ಪ್ರಿಂಟು ತೆಗೆದ ಮೇಲೆ ಕೈಯಿಂದ ಗೆರೆ ಎಳೆಯುವುದು ಎಂದು ಮಾತಾಯಿತು. ಗುರುತುಗಳ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದೆ. ಚೀಟಿಯೂ ಹೋಯಿತು, ಆ ಮಾನಿಟರೂ ಹೋಯಿತು.

ಹೆಣ್ಣುಮಕ್ಕಳಿಗೆ ನಮ್ಮ ಮನೆಯಲ್ಲಿ ಪಾಠ ಇರಲಿಲ್ಲ. ಹೇಳಿಕೊಡಬಾರದ್ದನ್ನು ಟೈಪು ಮಾಡಿಸಬಹುದು ಎಂಬುದು ಅಪ್ಪಯ್ಯನ ಧರ್ಮಸೂಕ್ಷ್ಮ. ನಾನೂ ತಕರಾರು ಮಾಡಲಿಲ್ಲ. ಕೂತು ಕೇಳುವ ಸುಖ ಬಿಡಲು ಮನಸ್ಸಿರಲಿಲ್ಲ. ಒಂದು ಸಂಜೆ ಒಂದು ಮಂತ್ರದ ಅರ್ಥ ಕೇಳಿದೆ. ಅವರು ಕವಳದ ಸಂಚಿ ಬಿಚ್ಚುತ್ತ, "ನಂಗೆ ಗೊತ್ತಿಲ್ಲ ಮಾರಾಯ್ತಿ" ಅಂದರು. ಐವತ್ತು ವರ್ಷ ಹೇಳಿದ ಮಂತ್ರ! ನನ್ನ ಮುಖ ನೋಡಿ, "ಅಂಚೆಯವನು ಕಾಗದ ಓದಬೇಕೇನೆ? ಒದ್ದೆಯಾಗದ ಹಾಗೆ ಮುಟ್ಟಿಸಿದರೆ ಸಾಕು" ಅಂದರು. ಕಾಗದ ಯಾರಿಗೆ ಎಂದು ನಾನು ಕೇಳಲಿಲ್ಲ. ಮರುದಿನ ತೀರ್ಥಹಳ್ಳಿ ಕಡೆಯ ಯಾವುದೋ ಸೊಸೈಟಿಯ ವಾರ್ಷಿಕ ವರದಿ ಮುಗಿಸಿ ಕೊಡಬೇಕಿತ್ತು.

ಒದ್ದೆಯಾಗದ ಹಾಗೆ ಮುಟ್ಟಿಸುವ ವ್ಯವಸ್ಥೆ ಮಾತ್ರ ಎಂಥದೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಜಗಲಿಯಲ್ಲಿ ಹುಡುಗರಿಗೆ ಪಾಠ ನಡೆಯುವಾಗ ಅಡುಗೆಮನೆಯ ಬಾಗಿಲಲ್ಲಿ ಅವಲಕ್ಕಿ ಆರಿಸುತ್ತ ಕೂತವಳಿಗೆ ಘನಪಾಠದ ಲೆಕ್ಕ ತಾನಾಗಿ ಬಂತು. ಮಂತ್ರವನ್ನೇಕೆ ತರಲಿ, ಮನೆಮಾತಿನಲ್ಲೇ ತೋರಿಸುತ್ತೇನೆ. ‘ಅಪ್ಪಯ್ಯ ಊರಿಗೆ ಹೋದರು’ ಎಂಬುದನ್ನು ಘನದಲ್ಲಿ ಹೇಳಿದರೆ: ಅಪ್ಪಯ್ಯ ಊರಿಗೆ, ಊರಿಗೆ ಅಪ್ಪಯ್ಯ, ಅಪ್ಪಯ್ಯ ಊರಿಗೆ ಹೋದರು, ಹೋದರು ಊರಿಗೆ ಅಪ್ಪಯ್ಯ, ಅಪ್ಪಯ್ಯ ಊರಿಗೆ ಹೋದರು. ಆಮೇಲೆ ‘ಊರಿಗೆ’ಯಿಂದ ಹಿಡಿದು ಮುಂದಿನ ಪದ ಸೇರಿಸಿಕೊಂಡು ಮತ್ತೆ ಇದೇ. ಸಾಲಿನ ನಡುವಿನ ಒಂದು ಪದ ಮೂರನೆಯದಾಗಿ, ಎರಡನೆಯದಾಗಿ, ಮೊದಲನೆಯದಾಗಿ ಬಂದು ಹೋಗುವಷ್ಟರಲ್ಲಿ 13 ಸಲ ಬಾಯಲ್ಲಿ ಆಡಿರುತ್ತದೆ, ಎಡಬಲ ಎರಡೂ ಕಡೆಯ ನೆಂಟರ ಜೊತೆ ಸಂಧಿ ಮಾಡಿಕೊಂಡು. ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆ ಸಿಕ್ಕಿಬೀಳುತ್ತದೆ. ಪದಪಾಠ, ಕ್ರಮಪಾಠದ ಮೇಲೆ ಜಟೆ, ಮಾಲೆ, ಶಿಖೆ, ರೇಖೆ, ಧ್ವಜ, ದಂಡ, ರಥ, ಘನ ಎಂದು ಎಂಟು ವಿಕೃತಿಗಳು. ಅಣ್ಣನ ಮಗ ಇಂಜಿನಿಯರು. ಅವನಿಗೆ ಇದನ್ನು ಹೇಳಿದಾಗ, "ಅತ್ತೆ, ಇದು ಎರರ್ ಕರೆಕ್ಷನ್" ಎಂದು ಕುಣಿದ. ಬೆಲ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎನ್ನುವವನು, ತಪ್ಪು ಕಂಡ ಕೂಡಲೇ ನಿಂತುಬಿಡುತ್ತಿದ್ದ ಯಂತ್ರದ ಮೇಲೆ ಸಿಟ್ಟು ಬಂದು, ತಪ್ಪಿದೆ ಎಂದು ತಿಳಿಯುವ ಯಂತ್ರಕ್ಕೆ ತಪ್ಪೆಲ್ಲಿದೆ ಎಂದೇಕೆ ತಿಳಿಯಬಾರದು ಎಂದು ತಲೆ ಕೆಡಿಸಿಕೊಂಡು 1950ರಲ್ಲಿ ಅದರ ಗಣಿತ ಪ್ರಕಟಿಸಿದನಂತೆ. ಅದೇ ಪ್ರಯೋಗಾಲಯದ ಕ್ಲಾಡ್ ಶಾನನ್ ಅದಕ್ಕೆ ಎರಡು ವರ್ಷ ಮೊದಲು, ಸಂದೇಶ ಕಳಿಸುವ ಇಂಜಿನಿಯರನ ಸಮಸ್ಯೆಗೆ ಸಂದೇಶದ ಅರ್ಥ ಸಂಬಂಧಪಡುವುದಿಲ್ಲ ಎಂದು ಬರೆದಿದ್ದನಂತೆ. ಅಪ್ಪಯ್ಯ ಇದ್ದಿದ್ದರೆ "ಯಾರ ಮನೆಯ ಹುಡುಗ?" ಎಂದು ಕೇಳುತ್ತಿದ್ದರು.

ನನಗೆ ಹೊಳೆದದ್ದು ಬೇರೆ, ಅದು ನನ್ನ ಕಸುಬಿನದು. ಕರಡು ತಿದ್ದುವವರಲ್ಲಿ ಹಿಂದಿನಿಂದ ಓದುವ ಒಂದು ರೂಢಿ ಇದೆ. ಸಾಲಿನ ಕೊನೆಯ ಪದದಿಂದ ಮೊದಲಿಗೆ ಬರುವುದು. ಹಾಗೆ ಬಂದರೆ ಅರ್ಥ ಬಿಟ್ಟುಹೋಗುತ್ತದೆ, ಅಕ್ಷರ ಮಾತ್ರ ಉಳಿಯುತ್ತದೆ, ತಪ್ಪು ಕಾಣುತ್ತದೆ. ನಮ್ಮ ಅಂಗಡಿಯಲ್ಲೇ ಒಮ್ಮೆ ಲಗ್ನಪತ್ರಿಕೆಯಲ್ಲಿ ‘ಮಹೋತ್ಸವ’ ಹೋಗಿ ‘ಮಹೋತ್ವಸ’ ಆಗಿತ್ತು. ನಾನು ಓದಿದೆ, ಹುಡುಗಿಯ ತಂದೆ ಓದಿದರು, ಸೋದರಮಾವ ಓದಿದರು, ಕನ್ನಡ ಎಂ.ಎ. ಮಾಡಿದ ಮದುಮಗಳು ಓದಿದಳು. ಯಾರಿಗೂ ಕಾಣಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಒಂದನೇ ಕ್ಲಾಸಿನ ಹುಡುಗ ಬೆರಳಿಟ್ಟು "ಮ-ಹೋ-ತ್ವ-ಸ" ಎಂದು ಕೂಡಿಸಿ ಓದಿದ. ಅವನಿಗೆ ಆ ಪದದ ಅರ್ಥ ಗೊತ್ತಿರಲಿಲ್ಲವಾದ್ದರಿಂದ ಪದ ಕಂಡಿತು. ಅರ್ಥ ಬಲ್ಲವರು ಕಂಡದ್ದು ತಮ್ಮ ತಲೆಯೊಳಗಿನ ಪದವನ್ನು. ಟೈಪಿಂಗೂ ಅಷ್ಟೆ. ನನಗೆ ಏನೂ ತಿಳಿಯದ ಸಂಸ್ಕೃತ ಗ್ರಂಥದಲ್ಲಿ ಪುಟಕ್ಕೊಂದು ತಪ್ಪಾದರೆ, ರುಚಿಯಾಗಿ ಓದಿಕೊಂಡು ಹೋಗುವ ಕಾದಂಬರಿಯಲ್ಲಿ ನಾಲ್ಕು. ತಿಳಿದವಳು ತಿದ್ದುತ್ತಾಳೆ; ತನಗೆ ಗೊತ್ತಿಲ್ಲದ ಹಾಗೆ ತಿದ್ದುತ್ತಾಳೆ. ಜಟೆಯನ್ನೂ ಘನವನ್ನೂ ಕಟ್ಟಿದವರಿಗೆ ಈ ಭಯವೇ ಇತ್ತೆಂದು ನನ್ನ ಊಹೆ. ಮುಂದೆ ಹುಟ್ಟುವ ಜಾಣ ಶಿಷ್ಯ ಅರ್ಥ ಮಾಡಿಕೊಂಡು ಇನ್ನೂ ಚೆಂದ ಮಾಡಿಬಿಟ್ಟಾನು ಎಂಬ ಭಯ. ಅದಕ್ಕೇ ಪದಗಳನ್ನು ಹಿಂದೆಮುಂದೆ ಮಾಡಿ ಅರ್ಥವನ್ನು ತಾತ್ಕಾಲಿಕವಾಗಿ ಕಳಚಿಟ್ಟರು, ದೂರ ಸಾಗಿಸುವಾಗ ಮಂಚದ ಕಾಲು ಕಳಚುವ ಹಾಗೆ.

ಆದರೆ ಅರ್ಥ ಬೇಡವೇ ಬೇಡ ಎನ್ನಲು ಅಪ್ಪಯ್ಯನಿಗೂ ಸಾಧ್ಯವಿರಲಿಲ್ಲ. ಸ್ವರ ತಪ್ಪಿದ ಹುಡುಗರಿಗೆ ಅವರು ಹೇಳುತ್ತಿದ್ದ ಕತೆ ತ್ವಷ್ಟೃವಿನದು. ಇಂದ್ರನ ಮೇಲೆ ಹಗೆ ಸಾಧಿಸಲು ತ್ವಷ್ಟೃ ಯಾಗ ಮಾಡಿ ಮಗನನ್ನು ಪಡೆಯುತ್ತಾನೆ. ‘ಇಂದ್ರಶತ್ರು’ ಬೆಳೆಯಲಿ ಎನ್ನಬೇಕಾದಲ್ಲಿ ಸ್ವರ ಜಾರುತ್ತದೆ. ಕೊನೆಯ ಅಕ್ಷರ ಉದಾತ್ತವಾದರೆ ‘ಇಂದ್ರನನ್ನು ಕೊಲ್ಲುವವನು’. ಮೊದಲಿನದು ಉದಾತ್ತವಾದರೆ ‘ಇಂದ್ರನೇ ಯಾರಿಗೆ ಕೊಲ್ಲುವವನೋ ಅವನು’. ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ. ಅಕ್ಷರ ಒಂದೂ ಬದಲಾಗಿರಲಿಲ್ಲ. ಬದಲಾದದ್ದು ಒಂದು ಗೆರೆಯ ಜಾಗ. "ನೋಡಿ, ಕಾಗದ ಓದುವವನು ಒಬ್ಬ ಇದ್ದಾನೆ, ಅವನು ಬರೆದದ್ದನ್ನೇ ಓದುತ್ತಾನೆ, ನಿಮ್ಮ ಮನಸ್ಸಿನಲ್ಲಿದ್ದದ್ದನ್ನಲ್ಲ" ಎಂಬುದು ಆ ಕತೆಯ ಒಟ್ಟು ಬೆದರಿಕೆ.

ಈ ಜಗಳ ನಮ್ಮ ಜಗಲಿಯದಷ್ಟೇ ಅಲ್ಲ ಎಂದು ತಿಳಿದದ್ದು ಸಂಸ್ಕೃತದ ಮೇಷ್ಟ್ರೊಬ್ಬರ ಪುಸ್ತಕ ಟೈಪು ಮಾಡುವಾಗ. ತಪ್ಪು ಹೆಚ್ಚಾದರೂ ಆಗಲಿ ಎಂದು ಅದನ್ನು ತಿಳಿದುಕೊಂಡೇ ಟೈಪು ಮಾಡಿದೆ. ಯಾಸ್ಕನ ನಿರುಕ್ತದ ಮೊದಲ ಅಧ್ಯಾಯದಲ್ಲೇ ಕೌತ್ಸ ಎಂಬವನ ವಾದ ಬರುತ್ತದೆ: ಮಂತ್ರಗಳಿಗೆ ಅರ್ಥವಿಲ್ಲ. ಅವನ ಒಂದು ಕಾರಣ ನನ್ನಂಥವಳಿಗೆ ತಟ್ಟನೆ ಹಿಡಿಸುವಂಥದು. ಮಂತ್ರದಲ್ಲಿ ಪದ ಬದಲಿಸುವ ಹಾಗಿಲ್ಲ, ಪದಗಳ ಕ್ರಮವನ್ನೂ ಬದಲಿಸುವ ಹಾಗಿಲ್ಲ. ಅರ್ಥವೇ ಮುಖ್ಯವಾಗಿದ್ದರೆ ಬೆಂಕಿ ಎನ್ನುವಲ್ಲಿ ಕಿಚ್ಚು ಎಂದರೂ ನಡೆಯಬೇಕಿತ್ತಲ್ಲ? ಯಾಸ್ಕ ಸುಮ್ಮನಿರಲಿಲ್ಲ. ಲೋಕದಲ್ಲಿ ಅರ್ಥ ಕೊಡುವ ಪದಗಳೇ ಮಂತ್ರದಲ್ಲೂ ಇವೆ, ಅಲ್ಲಿ ಮಾತ್ರ ಅರ್ಥ ಹೇಗೆ ಇಲ್ಲದಾದೀತು ಎಂದ. ಕುರುಡನಿಗೆ ಕಂಬ ಕಾಣದಿದ್ದರೆ ಅದು ಕಂಬದ ತಪ್ಪೇ ಎಂದು ಕೇಳಿದ. ಅದೇ ಅಧ್ಯಾಯದಲ್ಲಿ ಇನ್ನೊಂದು ಕಂಬವೂ ಇದೆ. ವೇದ ಕಲಿತು ಅರ್ಥ ತಿಳಿಯದವನು ಹೊರೆ ಹೊತ್ತು ನಿಂತ ಕಂಬವಂತೆ. ಅಪ್ಪಯ್ಯನನ್ನು ಕಂಬ ಎಂದದ್ದು ನನಗೆ ಸಿಟ್ಟು ತರಿಸಿತು. ಹೊರೆ ಹೊತ್ತ ಕಂಬ ಒಂದೂ ಇಲ್ಲದಿದ್ದರೆ ಮಾಡು ನಿಲ್ಲುವುದು ಯಾವುದರ ಮೇಲೆ? ಯಾಸ್ಕನ ಕೈಗೆ ಮಂತ್ರ ತಂದುಕೊಟ್ಟವರು ಯಾರು, ಅಂಥ ಕಂಬಗಳಲ್ಲವೆ?

ಅದೇ ಪುಸ್ತಕದಲ್ಲಿ ಮುಂದೆ ಮೀಮಾಂಸಕರೂ ನೈಯಾಯಿಕರೂ ಎದುರಾಗುತ್ತಾರೆ. ಪದಕ್ಕೂ ಅರ್ಥಕ್ಕೂ ಇರುವ ಸಂಬಂಧ ಹುಟ್ಟಿನಿಂದಲೇ ಬಂದದ್ದು, ಯಾರೂ ಮಾಡಿದ್ದಲ್ಲ ಎಂಬುದು ಜೈಮಿನಿಯ ಪಕ್ಷ. ಅಲ್ಲ, ಅದು ಒಪ್ಪಂದ, ‘ಈ ಸದ್ದಿಗೆ ಈ ವಸ್ತು’ ಎಂಬ ಸಂಕೇತ ಎಂಬುದು ಗೌತಮನ ನ್ಯಾಯಸೂತ್ರದ ಪಕ್ಷ. ಯೆನ್ ಗುರುತನ್ನು ಪ ಎಂದು ಓದಿಸಿದವಳು ನಾನು. ನೈಯಾಯಿಕರ ಕಡೆ ವಾಲುವುದು ನನಗೆ ಸಹಜ. ಆದರೆ ಒಪ್ಪಂದ ಮಾಡಿಕೊಳ್ಳಲು ಮೊದಲು ಮಾತು ಬೇಕಲ್ಲ? ‘ಇದಕ್ಕೆ ಹಸು ಎನ್ನೋಣ’ ಎಂದವನು ಯಾವ ಭಾಷೆಯಲ್ಲಿ ಹಾಗೆಂದ? ಮೀಮಾಂಸಕರು ಹಿಡಿಯುವುದು ಇಲ್ಲಿಯೇ. ನನ್ನ ಚೀಟಿ ಕಳೆದಾಗ ಹೊಸ ಚೀಟಿ ಬರೆಯಬಹುದು, ಯಾಕೆಂದರೆ ಚೀಟಿ ಬರೆಯಲು ಕನ್ನಡ ಇತ್ತು. ಮೊಟ್ಟಮೊದಲ ಚೀಟಿ ಬರೆದದ್ದು ಹೇಗೆ?

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರದ ನೋಟ್ಸ್ ಟೈಪು ಮಾಡಿಸಲು ಬರುವ ಲೆಕ್ಚರರು ಇದಕ್ಕೆ ಇನ್ನೊಂದು ಗಂಟು ಹಾಕಿದರು. ಜೀವಕೋಶದಲ್ಲೂ ಒಂದು ಲಿಪಿ ಇದೆ. ನಾಲ್ಕು ಅಕ್ಷರ, ಮೂರು ಮೂರು ಸೇರಿ ಒಂದು ಪದ, ಒಟ್ಟು 64 ಪದ. 61 ಪದಗಳು 20 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ, ಮೂರು ಪದಗಳು ಪೂರ್ಣವಿರಾಮ. 1961ರಲ್ಲಿ ನೈರೆನ್‌ಬರ್ಗ್ ಮತ್ತು ಮತ್ತೈ ಮೊದಲ ಪದ ಓದಿದರು: ಯು ಮೂರು ಸಲ ಬಂದರೆ ಫಿನೈಲ್‌ಅಲನೀನ್. ಉಳಿದ ನಿಘಂಟು ತುಂಬಿಸುವುದರಲ್ಲಿ ನಮ್ಮ ಪಂಜಾಬಿನ ಕಡೆಯ ಹರಗೋವಿಂದ ಖುರಾನಾ ಇದ್ದರು, 1968ರ ನೊಬೆಲ್‌ನಲ್ಲಿ ಪಾಲು ಪಡೆದರು. ಓದುವ ಯಂತ್ರಕ್ಕೆ ಏನೂ ತಿಳಿಯದು. ನಡುವೆ ಒಂದು ಪುಟ್ಟ ಅಣು; ಅದರ ಒಂದು ತುದಿ ಪದ ಹಿಡಿಯುತ್ತದೆ, ಇನ್ನೊಂದು ತುದಿ ಆಮ್ಲ ಹಿಡಿದಿರುತ್ತದೆ. ಅದೇ ಫಾಂಟು. ಈ ಪದಕ್ಕೆ ಈ ಆಮ್ಲ ಎಂಬುದು ಹುಟ್ಟಿನಿಂದ ಬಂದ ನಂಟೇ, ಹಿಂದೆಂದೋ ಆಕಸ್ಮಿಕವಾಗಿ ಬಿದ್ದು ಹೆಪ್ಪುಗಟ್ಟಿದ ಒಪ್ಪಂದವೇ ಎಂಬುದು ಅಲ್ಲೂ ಚರ್ಚೆಯಂತೆ. ಫ್ರಾನ್ಸಿಸ್ ಕ್ರಿಕ್ ಎರಡನೆಯದರ ಕಡೆ ವಾಲಿದ್ದ. ನಮ್ಮದೇ ಕೋಶಗಳ ಮೈಟೊಕಾಂಡ್ರಿಯದಲ್ಲಿ ಒಂದು ಪೂರ್ಣವಿರಾಮವನ್ನು ಟ್ರಿಪ್ಟೊಫಾನ್ ಎಂದು ಓದುತ್ತಾರೆ ಎಂದು ಟೈಪು ಮಾಡುತ್ತ ನನಗೆ ನಗು ಬಂತು. ನಮ್ಮ ಕಡೆ ‘ಬತ್ತೆ’ ಎಂದು ಹೇಳಿ ಹೊರಟುಹೋಗುವುದಿಲ್ಲವೆ? ಬರುತ್ತೇನೆ ಎಂದರೆ ಹೋಗುತ್ತೇನೆ ಎಂದು ಇಡೀ ಊರು ಓದಿಕೊಳ್ಳುತ್ತದೆ.

ಸಂಕೇತಕ್ಕಾಗಿ ಇಟ್ಟದ್ದರಲ್ಲಿ ಅರ್ಥ ತಾನಾಗಿ ಚಿಗುರುವುದೂ ಉಂಟು. ಸಂಗೀತ ಕಛೇರಿಯ ಆಮಂತ್ರಣ ಮಾಡಿಸಲು ಬಂದವರೊಬ್ಬರು ನಾನು ‘ಶಂಕರಾಭರಣ’ ಎಂದು ಹಾಕಿದ್ದಕ್ಕೆ ಬೇಸರಪಟ್ಟು, "ಧೀರಶಂಕರಾಭರಣ ಅನ್ನಿ. ಆ ರಾಗದ ಗಾಂಭೀರ್ಯ ಆ ಧೀರದಲ್ಲಿದೆ" ಎಂದರು. ಹಾಕಿಕೊಟ್ಟೆ. ಆದರೆ ಆ ‘ಧೀರ’ ಬಂದದ್ದು ಗಾಂಭೀರ್ಯಕ್ಕಲ್ಲ, ಲೆಕ್ಕಕ್ಕೆ. 72 ಮೇಳಕರ್ತ ರಾಗಗಳಿಗೆ ಕಟಪಯಾದಿ ಸೂತ್ರದಿಂದ ಹೆಸರಿಟ್ಟರು: ಹೆಸರಿನ ಮೊದಲೆರಡು ಅಕ್ಷರ ಅಂಕಿಯಾಗುತ್ತವೆ, ಬಲದಿಂದ ಎಡಕ್ಕೆ ಓದಬೇಕು. ಧ 9, ರ 2, ತಿರುವಿದರೆ 29. ಕಲ್ಯಾಣಿಗೆ ‘ಮೇಚ’ ಸೇರಿಸಿದ್ದು ಮ 5, ಚ 6, ಅಂದರೆ 65 ಬರಲೆಂದು. ತೋಡಿಗೆ ‘ಹನುಮ’ ಸೇರಿಸಿದ್ದು 8 ಬರಲೆಂದು. ಒತ್ತಕ್ಷರ ಬಂದರೆ ಕೊನೆಯ ವ್ಯಂಜನ ಎಣಿಸಬೇಕೆಂಬ ರೂಢಿಯನ್ನೂ ಬೇಕಾದಲ್ಲಿ ಬಗ್ಗಿಸಿದ್ದಾರೆ. ಚಕ್ರವಾಕದ ‘ಕ್ರ’ದಲ್ಲಿ ಕ ಎಣಿಸಿದರಷ್ಟೇ 16 ಸಿಗುತ್ತದೆ. ನಂಬರು ಹೊತ್ತು ಬಂದ ಧೀರ ಈಗ ನಂಬರು ಮರೆತು ನಿಜವಾಗಿ ಧೀರನಾಗಿ ಕೂತಿದ್ದಾನೆ. ಆ ರಾಗವನ್ನು ಹಾಗೆ ಕೇಳುವವರಿಗೆ ಅದು ಹಾಗೆಯೇ ಕೇಳಿಸುತ್ತದೆ, ಅದನ್ನು ಸುಳ್ಳೆನ್ನಲು ನನಗೆ ಧೈರ್ಯವಿಲ್ಲ. (ಅಲ್ಲಮನ ಬೆಡಗಿನ ವಚನಗಳದ್ದು ಬೇರೆ ಸಂಗತಿ. ಅಲ್ಲಿ ಹೇಳಿದ್ದು ಬೇಕೆಂದೇ ಮರೆಯಲ್ಲಿದೆ, ಟೀಕೆ ಬರೆದವರು ಕೀಲಿ ಹಿಡಿದು ಹಿಂದೆ ಬಂದರು. ಬಚ್ಚಿಡುವುದು, ಕಾಪಿಡುವುದು ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಬಹಳ ಗೊಂದಲವಾಗಿದೆ.)

ಅಮ್ಮನಿಗೆ ಇದ್ದದ್ದು ಒಂದೇ ಸಂಕೇತ: ಸೆರಗಿನ ಗಂಟು. ಏನಾದರೂ ಮರೆಯಬಾರದೆಂದರೆ ಸೆರಗಿನ ಚುಂಗಿಗೆ ಗಂಟು ಹಾಕುತ್ತಿದ್ದಳು. ಹಾಲಿನವಳಿಗೆ ದುಡ್ಡು ಕೊಡುವುದು, ಹೆಪ್ಪು ಹಾಕುವುದು, ಸೊಸೈಟಿಯ ಸಕ್ಕರೆ, ಎಲ್ಲಕ್ಕೂ ಅದೇ ಗಂಟು. ಮಧ್ಯಾಹ್ನದ ಹೊತ್ತಿಗೆ ಗಂಟನ್ನು ಕೈಯಲ್ಲಿ ಹಿಡಿದು, "ಇದು ಯಾಕೆ ಹಾಕಿದ್ದೇ?" ಎಂದು ನನ್ನನ್ನೇ ಕೇಳುತ್ತಿದ್ದಳು. ನನಗೇನು ಗೊತ್ತು! ಅವಳು ಬಿಚ್ಚುತ್ತಿರಲಿಲ್ಲ. "ಇರಲಿ, ನೆನಪಾಗುತ್ತೆ" ಎಂದು ಹಾಗೇ ಬಿಟ್ಟುಕೊಂಡು ಓಡಾಡುತ್ತಿದ್ದಳು. ಏನೋ ಒಂದು ಇದೆ ಎಂಬುದಷ್ಟೇ ಆ ಗಂಟಿನಲ್ಲಿ ಉಳಿದ ಅರ್ಥ. ಆ ಏನೋ ಒಂದಕ್ಕಾಗಿ ಅವಳು ಸಂಜೆಯವರೆಗೂ ಸ್ವಲ್ಪ ಎಚ್ಚರದಲ್ಲಿರುತ್ತಿದ್ದಳು.

ಫೈಲು ಪರಿವರ್ತನೆ ಮಾಡಲು ಮೂರು ರಾತ್ರಿ ಬೇಕಾಯಿತು. ಅರ್ಕಾವತ್ತುಗಳನ್ನು ಕೈಯಿಂದ ಸರಿಪಡಿಸಿದೆ. ಕನ್ನಡ ಬಂತು, ಅಪ್ಪಯ್ಯನ ಮಾತೇ ಬಂತು: ‘ಇಲ್ಲಿ ವಟುವಿನ ತಾಯಿಯನ್ನು ಕೂಗಬೇಕು, ಅವಳು ಅಡುಗೆಮನೆಯಲ್ಲಿರುತ್ತಾಳೆ.’ ಮಂತ್ರದ ಭಾಗದಲ್ಲಿ ಮಾತ್ರ ನನ್ನ ಸಂಕೇತಗಳು ಹಾಗೇ ನಿಂತಿದ್ದವು. ಮೂರು ಬಗೆಯ ಗುರುತು ಸಾವಿರಾರು ಕಡೆ. ನಾಲ್ಕನೆಯದು ನಕ್ಷತ್ರ, ಇಡೀ ಪುಸ್ತಕದಲ್ಲಿ 11 ಕಡೆ. ಯಾವುದು ಯಾವುದಕ್ಕೆ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನಾನೇ ಕಟ್ಟಿದ ಒಪ್ಪಂದ. ಅದರ ಒಂದು ಕಡೆಯವರು 2011ರಲ್ಲಿ ತೀರಿಕೊಂಡರು, ಇನ್ನೊಂದು ಕಡೆಯವಳು ಮರೆತಳು.

ಲ್ಯಾಪ್‌ಟಾಪು ಹಿಡಿದು ಅಪ್ಪಯ್ಯನ ಜೊತೆ ಪಾಠ ಹೇಳಿಸಿಕೊಂಡ ಭಟ್ಟರ ಮನೆಗೆ ಹೋದೆ. ಎಂಬತ್ತನಾಲ್ಕು ವರ್ಷ, ಕಣ್ಣು ಅಷ್ಟಕ್ಕಷ್ಟೆ. ಪರದೆ ನೋಡಲು ಒಪ್ಪಲಿಲ್ಲ. "ಎಲ್ಲಿಂದ ಹೇಳು" ಅಂದರು. ಮೊದಲ ಪದ ಹೇಳಿದೆ, ಅವರು ಹಿಡಿದುಕೊಂಡರು. ಕಣ್ಣು ಮುಚ್ಚಿ, ಬಲಗೈ ಏರಿಸಿ ಇಳಿಸಿ ಹೇಳುತ್ತ ಹೋದರು. ನಾನು ಗುರುತುಗಳ ಮೇಲೆ ಬೆರಳಾಡಿಸುತ್ತ ಹೋದೆ. ಕೈ ಇಳಿದಲ್ಲೆಲ್ಲ ಒಂದು ಗುರುತು, ಏರಿದಲ್ಲೆಲ್ಲ ಇನ್ನೊಂದು, ಎಳೆದಲ್ಲಿ ಮೂರನೆಯದು. ಹತ್ತು ನಿಮಿಷದಲ್ಲಿ ನನ್ನ ಕಳೆದುಹೋದ ಚೀಟಿ ಅವರ ಕೈಯಲ್ಲಿ ಸಿಕ್ಕಿತು. ಆದರೆ ನಕ್ಷತ್ರ ಬಂದಲ್ಲಿ ಅವರ ಸ್ವರದಲ್ಲಿ ಏನೂ ವಿಶೇಷ ಇರಲಿಲ್ಲ. ಮತ್ತೆ ಹೇಳಿಸಿದೆ. ಹನ್ನೊಂದೂ ಕಡೆ ಪರೀಕ್ಷೆ ಮಾಡಿದೆವು.

"ಇಲ್ಲಿ ಏನೂ ಇಲ್ಲ ತಂಗೀ, ಪಾಠ ಶುದ್ಧ ಇದೆ" ಅಂದರು ಭಟ್ಟರು. ಸ್ವಲ್ಪ ಹೊತ್ತು ಬಿಟ್ಟು, "ನೀನೇ ಹಾಕಿದ್ದಲ್ಲವಾ? ಆಮೇಲೆ ಅವನ ಹತ್ತಿರ ಏನೋ ಕೇಳಬೇಕು ಅಂತ ಇದ್ದೆಯೋ ಏನೋ" ಅಂದರು.

ಇರಬಹುದು. ಅರ್ಥ ಕೇಳಿ ಬೈಸಿಕೊಂಡ ಮೇಲೆ, ಕೇಳಬೇಕೆನಿಸಿದಲ್ಲೆಲ್ಲ ಸುಮ್ಮನೆ ಒಂದು ನಕ್ಷತ್ರ ಒತ್ತಿ ಮುಂದೆ ಹೋಗಿದ್ದೇನೋ. ಅಥವಾ ಅವರು ಕವಳ ಉಗುಳಲು ಎದ್ದು ಹೋದಾಗ, ಎಲ್ಲಿಗೆ ನಿಂತೆವು ಎಂದು ನೆನಪಿಗೆ ಇಟ್ಟದ್ದೋ. ಅಳಿಸಿಬಿಡೋಣ ಎಂದು ಎರಡು ಸಲ ಕೀಲಿಯ ಮೇಲೆ ಬೆರಳಿಟ್ಟು ತೆಗೆದೆ. ಅನುದಾತ್ತ, ಸ್ವರಿತಗಳಿಗೆಲ್ಲ ಸರಿಯಾದ ಗೆರೆ ಬಂದವು, ನಕ್ಷತ್ರ ಇದ್ದಲ್ಲೇ ಇದ್ದವು. ಹಾಗೇ ಪಿಡಿಎಫ್ ಮಾಡಿ ಬೆಂಗಳೂರಿಗೆ ಕಳಿಸಿದೆ.

ಎರಡು ದಿನ ಬಿಟ್ಟು ಅಣ್ಣನ ಮಗನ ಫೋನು. "ಅತ್ತೆ, ಪುರೋಹಿತರಿಗೆ ಕೊಟ್ಟೆ, ಖುಷಿಪಟ್ಟರು. ಉಪನಯನದ ಭಾಗದಲ್ಲಿ ನಾಲ್ಕು ಕಡೆ ನಕ್ಷತ್ರ ಇದೆಯಂತೆ, ಅಲ್ಲಿ ಏನು ಮಾಡಬೇಕು ಅಂತ ಕೇಳುತ್ತಿದ್ದಾರೆ."

ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದರು. "ಅಲ್ಲಿ ಒಂದು ಗಳಿಗೆ ನಿಲ್ಲಬೇಕು ಅಂತ ಹೇಳು" ಎಂದುಬಿಟ್ಟೆ.

ಉಪನಯನದ ದಿನ ನಾನು ಹೆಂಗಸರ ಸಾಲಿನಲ್ಲಿ, ಕಂಬಕ್ಕೆ ಒರಗಿ ಕೂತಿದ್ದೆ. ಪುರೋಹಿತರು ಹುಡುಗ ವಯಸ್ಸಿನವರು, ಪುಸ್ತಕ ಮುಂದಿಟ್ಟುಕೊಂಡು ಬಹಳ ಶ್ರದ್ಧೆಯಿಂದ ಹೇಳುತ್ತಿದ್ದರು. ಮೊದಲ ನಕ್ಷತ್ರದ ಜಾಗ ನನಗೆ ಬಾಯಿಪಾಠವಾಗಿತ್ತು. ಅಲ್ಲಿಗೆ ಬಂದ ಕೂಡಲೇ ನಿಂತರು. ವಾಲಗದವರು ಮುಗಿಯಿತೆಂದುಕೊಂಡು ಡೋಲಿನ ಮೇಲೆ ಕೈ ಇಟ್ಟರು. ಪುರೋಹಿತರು ಕೈಯೆತ್ತಿ ಅವರನ್ನು ತಡೆದು, ಒಂದು ಉಸಿರು ಎಳೆದುಕೊಂಡು, ಮುಂದಿನ ಪದ ಎತ್ತಿಕೊಂಡರು.